ಅರಿವಿನ ಅರಿವು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಂತಹ ಊರಿನಿಂದ ತರುಣನೊಬ್ಬನು ವೈದ್ಯಕೀಯ ಕಾಲೇಜನ್ನು ಸೇರಿದನೆಂದು ಭಾವಿಸೋಣ. ಊರಿನ ಶಾಲೆಯಲ್ಲಿ ಅವನೇ ಮೊದಲಿಗನು. ಕಾಲೇಜಿನಲ್ಲಾದರೋ ಸಹಪಾಠಿಗಳೆಲ್ಲರೂ ತಮ್ಮ ತಮ್ಮ ಶಾಲೆಯ ಮೊದಲಿಗರೇ. ಅಂಗರಚನಾಶಾಸ್ತ್ರದ ನೂರಾರು ಹೆಸರುಗಳನ್ನು ಅವನು ರಾತ್ರಿಯೆಲ್ಲ ಓದುತ್ತಾನೆ. ಪರೀಕ್ಷೆಯಲ್ಲಿ ಅರ್ಧವೂ ನೆನಪಿಗೆ ಬಾರದು. “ನಾನು ಇದಕ್ಕೆ ಅರ್ಹನಲ್ಲ” ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಳ್ಳುತ್ತಾನೆ. ಈ ತೀರ್ಪು ಆತುರದ್ದು. ಬುದ್ಧಿಗಿಂತ ಓದಿನ ಕ್ರಮದಲ್ಲಿ ದೋಷವಿರುವ ಸಂಭವವೇ ಹೆಚ್ಚು.

ತನ್ನ ಅರಿವನ್ನು ತಾನೇ ಪರಿಶೀಲಿಸುವ ಶಕ್ತಿಗೆ ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲೇವೆಲ್ ಅವರು 1970ರ ದಶಕದಲ್ಲಿ ‘ಮೆಟಾಕಾಗ್ನಿಷನ್’ ಎಂದು ಹೆಸರಿಟ್ಟರು. ನಾವು ಅದನ್ನು ಅರಿವಿನ ಅರಿವು ಎನ್ನಬಹುದು. ಅದು ಮೋಸಹೋಗುವುದೂ ಉಂಟು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗವನ್ನೇ ನೋಡಿರಿ. ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಅದು ತಮಗೆ ಚೆನ್ನಾಗಿ ನೆನಪಿರುವುದೆಂದು ನಂಬಿದ್ದರು. ವಾರ ಕಳೆದ ಮೇಲೆ ಹೆಚ್ಚು ನೆನಪಿದ್ದುದು ಪುಸ್ತಕವನ್ನು ಮುಚ್ಚಿ, ನೆನಪಿನಿಂದ ಬರೆದು ನೋಡಿದ್ದವರಿಗೆ!

ಈ ಶಕ್ತಿಗೆ ಇನ್ನೊಂದು ಮುಖವೂ ಇದೆ. “ಏನು ತಿಳಿಯಲಿಲ್ಲ?” ಎಂದು ಕೇಳಿಕೊಳ್ಳುವುದು ಪರಿಶೀಲನೆ; “ನಾನೇಕೆ ಹೀಗೆ?” ಎಂದು ಹಗಲಿರುಳು ಕೊರಗುವುದು ಚಿಂತೆ. ಮೊದಲನೆಯದಕ್ಕೆ ಉತ್ತರ ದೊರೆಯುತ್ತದೆ, ಎರಡನೆಯದು ನಿದ್ರೆಯನ್ನು ಕಸಿಯುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇಕಡ 27ರಷ್ಟು ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣಗಳು ಕಂಡುಬಂದಿದ್ದವು.

ನಮ್ಮ ದೇಶದಲ್ಲಿ 2019ರಿಂದ ಹೊಸ ವೈದ್ಯ ವಿದ್ಯಾರ್ಥಿಗಳಿಗೆ ಪೀಠಿಕಾ ಶಿಕ್ಷಣವು ಜಾರಿಗೆ ಬಂದಿದೆ. ಓದನ್ನು ತೂಗಿ ನೋಡುವ ವಿಧಾನವನ್ನು ಅಲ್ಲಿಯೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಅಂಕಗಳನ್ನಿಟ್ಟು ಇನ್ನೊಂದು ಪರೀಕ್ಷೆಯನ್ನಾಗಿ ಮಾಡಬಾರದು. ಉಪಾಧ್ಯಾಯರೂ “ಇದು ನನಗೆ ತಿಳಿಯದು” ಎಂದು ತರಗತಿಯಲ್ಲಿ ಧೈರ್ಯವಾಗಿ ಹೇಳಬೇಕು. ತಿಳಿಯದುದನ್ನು ಮರೆಮಾಡಲು ಕಲಿತ ವಿದ್ಯಾರ್ಥಿಯು ನಾಳೆ ರೋಗಿಯ ಮುಂದೆಯೂ ಮರೆಮಾಡಿಯಾನು.

ಅರಿವಿನ ಅರಿವೇ ಸರ್ವರೋಗಕ್ಕೆ ಮದ್ದಲ್ಲ. ಖಿನ್ನತೆಯು ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು. 1954ರಿಂದಲೂ ಬೆಂಗಳೂರಿನಲ್ಲಿ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯಿದೆ. ಅದೇ ಇಂದಿನ ನಿಮ್ಹಾನ್ಸ್. 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯು 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ದೊರೆಯುತ್ತದೆ. ತರುಣ ಮಿತ್ರರೇ, ತನಗೆ ನೆರವು ಬೇಕೆಂದು ಅರಿಯುವುದೂ ಒಂದು ಅರಿವೇ ಅಲ್ಲವೆ?