ಕಾಲೇಜಿನ ಮಾಳಿಗಿ ಮ್ಯಾಲಿನ ಬಿಸಲು ಯಾರ ಪಾಲು?



ಮೊನ್ನೆ ಮನೋಳಿಯಿಂದ ಸವದತ್ತಿಗೆ ಬಸ್ಸಿನ್ಯಾಗ ಹೊಂಟಿದ್ದೆ. ಬಾಜೂಕ ಕುಂತ ಡಿಗ್ರಿ ಹುಡುಗ ಮೊಬೈಲ್ ತೋರಿಸಿದ. ಕಾಲೇಜಿನ ಮಾಳಿಗಿ ಮ್ಯಾಲೆ ನೀಲಿ ಪ್ಯಾನೆಲ್‌ಗಳ ಸಾಲು, ಮುಂದ ರಿಬ್ಬನ್ನು, ಕತ್ತರಿ, ಹಾರ ಹಾಕ್ಕೊಂಡ ದೊಡ್ಡವರು. "ನಮ್ಮದು ಈಗ ಗ್ರೀನ್ ಕ್ಯಾಂಪಸ್ ಅಣ್ಣಾ" ಅಂದ. ಅವ ನಮ್ಮ ಕೇರಿಯವನೇ, ಹಾಸ್ಟೆಲ್‌ನ್ಯಾಗ ಇದ್ದು ಓದ್ತಾನ. "ರಾತ್ರಿ ಹಾಸ್ಟೆಲ್‌ನ್ಯಾಗ ಕರೆಂಟ್ ಹೋದ್ರ ಏನ್ ಮಾಡ್ತೀರಿ?" ಅಂತ ಕೇಳಿದೆ. "ಅದು ಬ್ಯಾರೆ ಅಣ್ಣಾ, ಅಲ್ಲಿ ಮೊಬೈಲ್ ಟಾರ್ಚೇ" ಅಂತ ನಕ್ಕ.

ಆ "ಬ್ಯಾರೆ" ಅನ್ನೋ ಶಬ್ದ ನನ್ನ ತಲ್ಯಾಗ ಕುಂತುಬಿಟ್ಟೈತಿ. ಅದಕ್ಕ ಈ ಪೋಸ್ಟ್.

ಮೊದಲೇ ಹೇಳಿಬಿಡ್ತೀನಿ, ನಾನು ಸೋಲಾರ್ ವಿರೋಧಿ ಅಲ್ಲ. ನಮ್ಮ ಕಡೆ ಬಿಸಿಲಿಗೇನು ಬರ ಇಲ್ಲ. ಒಂದು ಕಿಲೋವ್ಯಾಟ್ ಪ್ಯಾನೆಲ್‌ಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು, ಅದರಿಂದ ದಿನಕ್ಕ ಸರಾಸರಿ ನಾಲ್ಕು ಯೂನಿಟ್ ಬರತೈತಿ. 50 ಕಿಲೋವ್ಯಾಟ್ ಹಾಕಿದ ಕಾಲೇಜಿಗೆ ತಿಂಗಳಿಗೆ ಸುಮಾರು ಆರು ಸಾವಿರ ಯೂನಿಟ್ ಆಯ್ತು. ಯೂನಿಟ್‌ಗೆ ಏಳು ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 42 ಸಾವಿರ, ವರ್ಷಕ್ಕ ಐದು ಲಕ್ಷ. ಪ್ಯಾನೆಲ್‌ನ ಆಯುಷ್ಯ ಸುಮಾರು 25 ವರ್ಷ. ಹಾಕಿದ ದುಡ್ಡು ಕೆಲವೇ ವರ್ಷದಾಗ ವಾಪಸ್ ಬರತೈತಿ, ಆಮೇಲಿನದೆಲ್ಲ ಉಳಿತಾಯ. ಒಳ್ಳೇದೇ. ಆದರ ಆ ಉಳಿತಾಯ ಯಾವ ಖಾತೆಗೆ ಹೋಗತೈತಿ ಅಂತ ಯಾರಾದರೂ ಕೇಳೀರೇನು?

ಕಾಲೇಜುಗಳಿಗೆ ಒಮ್ಮೆಲೇ ಸೂರ್ಯನ ಮ್ಯಾಲೆ ಪ್ರೀತಿ ಹುಟ್ಟಿದ್ದಕ್ಕೂ ಒಂದು ಕಾರಣ ಐತಿ. ನ್ಯಾಕ್ ಮೌಲ್ಯಮಾಪನದ ಏಳನೇ ಮಾನದಂಡದಾಗ ಪರ್ಯಾಯ ಇಂಧನ, ವಿದ್ಯುತ್ ಉಳಿತಾಯ ಅಂತ ಒಂದು ಕಲಂ ಬರತೈತಿ. ಸೋಲಾರ್, ಬಯೋಗ್ಯಾಸ್, ಗ್ರಿಡ್‌ಗೆ ವಿದ್ಯುತ್ ಕೊಡೋದು, ಸೆನ್ಸರ್, ಎಲ್‌ಇಡಿ, ಇವುಗಳಲ್ಲಿ ಎಷ್ಟಿವೆ ಅಂತ ಟಿಕ್ ಹಾಕಬೇಕು, ಜಿಯೋಟ್ಯಾಗ್ ಇರೋ ಫೋಟೋ ಹಚ್ಚಬೇಕು. ಅಂಕ ಸಿಗತಾವ. ಆ ವಿದ್ಯುತ್ತಿನ ಬೆಳಕಿನ್ಯಾಗ ಯಾರು ಓದಿದರು ಅನ್ನೋದಕ್ಕ ಆ ಪಟ್ಟಿಯೊಳಗ ಟಿಕ್ ಹಾಕೋ ಜಾಗ ಇಲ್ಲ.

ಈಗ "ಬ್ಯಾರೆ" ವಿಷಯಕ್ಕ ಬರೋಣ. ಕಾಲೇಜು ನಡೆಯೋದು ಹಗಲು, ಪ್ಯಾನೆಲ್ ದುಡಿಯೋದೂ ಹಗಲು, ಅದು ಸರಿಹೋಗತೈತಿ. ಹಾಸ್ಟೆಲ್‌ನ ಬದುಕು ಶುರುವಾಗೋದು ಸಂಜಿ ಆರರ ಮ್ಯಾಲೆ. ನೆಟ್ ಮೀಟರಿಂಗ್ ಅನ್ನೋ ವ್ಯವಸ್ಥೆಯೊಳಗ ಹಗಲು ಗ್ರಿಡ್‌ಗೆ ಕೊಟ್ಟ ಯೂನಿಟ್ಟನ್ನ ರಾತ್ರಿ ಬಳಸಿದ ಯೂನಿಟ್ಟಿನಾಗ ಕಳೀತಾರ. ಆದರ ಅದು ಒಂದೇ ಮೀಟರಿನ ಲೆಕ್ಕ. ಕಾಲೇಜಿನ ಮೀಟರ್ ಬ್ಯಾರೆ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನ ಮೀಟರ್ ಬ್ಯಾರೆ. ಎಷ್ಟೋ ಹಾಸ್ಟೆಲ್ ಇನ್ನೂ ಬಾಡಿಗಿ ಕಟ್ಟಡದಾಗ ಅದಾವ, ಮಾಲಕ ತನ್ನ ಮಾಳಿಗಿ ಮ್ಯಾಲೆ ಮೊಳೆ ಹೊಡಿಯಾಕೂ ಬಿಡಂಗಿಲ್ಲ. ಏಪ್ರಿಲ್, ಮೇ ತಿಂಗಳದಾಗ, ಬಿಸಿಲು ಹೆಚ್ಚಿದ್ದಾಗ, ಕಾಲೇಜಿಗೆ ಸೂಟಿ. ಆಗ ಬಂದ ವಿದ್ಯುತ್ತೆಲ್ಲ ಹೆಸ್ಕಾಂ ಲೈನಿಗೆ ಹೋಗಿ ಕಾಲೇಜಿನ ಹೆಸರಿಗೆ ಜಮಾ ಆಗತೈತಿ. ರಸ್ತೆ ಆ ಕಡೆ ಇರೋ ಹಾಸ್ಟೆಲ್‌ಗೆ ಒಂದು ಯೂನಿಟ್ಟೂ ಇಲ್ಲ.

ಇದಕ್ಕ ದಾರಿ ಇಲ್ಲ ಅಂತಲ್ಲ. ಒಂದು ಕಡೆ ಉತ್ಪಾದಿಸಿದ ಯೂನಿಟ್ಟನ್ನ ಬೇರೆ ಮೀಟರುಗಳಿಗೆ ಹಂಚೋ ಗ್ರೂಪ್ ಮತ್ತು ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿಯವರು 2019ರಲ್ಲೇ ನಿಯಮ ಮಾಡಿದರು. ಮನಸ್ಸಿದ್ದರ ಕಾಲೇಜು, ಇಲಾಖೆ, ವಿದ್ಯುತ್ ಕಂಪನಿ ಮೂವರೂ ಒಂದು ಮೇಜಿನ ಸುತ್ತ ಕುಂದರಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪ್ಯಾನೆಲ್ ಐತಿ ಅಂದ್ರ ಕರೆಂಟ್ ಹೋದಾಗ ಬೆಳಕು ಇರತೈತಿ ಅಂತ ತಿಳಕೊಂಡಿರತೀವಿ. ಇಲ್ರೀ. ಬ್ಯಾಟರಿ ಇಲ್ಲದ ಗ್ರಿಡ್ ಜೋಡಣೆಯ ಸೋಲಾರ್, ಲೈನ್ ಹೋದ ಕೂಡಲೇ ತಾನೂ ಬಂದ್ ಆಗತೈತಿ. ಕಂಬದ ಮ್ಯಾಲೆ ಕೆಲಸ ಮಾಡೋ ಲೈನ್‌ಮನ್ ಸಾಯಬಾರದು ಅಂತ ಹಂಗ ಮಾಡಿರತಾರ, ಅದು ಸರಿಯೇ. ಆದ್ದರಿಂದ ಹಾಸ್ಟೆಲ್‌ಗೆ ಬೇಕಾಗಿರೋದು ಬ್ಯಾಟರಿ ಸಮೇತದ ವ್ಯವಸ್ಥೆ, ಕನಿಷ್ಠ ಓದೋ ಕೋಣೆಗೆ. ಲೆಕ್ಕ ಹಾಕ್ರಿ: 18 ವ್ಯಾಟಿನ ಇಪ್ಪತ್ತು ಎಲ್‌ಇಡಿ, 30 ವ್ಯಾಟಿನ ಎಂಟು ಹೊಸ ನಮೂನಿ ಫ್ಯಾನ್. ಎಲ್ಲಾ ಸೇರಿ 600 ವ್ಯಾಟ್. ರಾತ್ರಿ ನಾಲ್ಕು ತಾಸು ಓಡಿಸಿದರ ಎರಡೂವರೆ ಯೂನಿಟ್ಟೂ ಆಗೂದಿಲ್ಲ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕ ಕೊಡೋದಕ್ಕಿಂತ ಕಡಿಮಿ! ಐವತ್ತು ಹುಡುಗರು ಪರೀಕ್ಷೆಗೆ ಓದೋ ಬೆಳಕಿನ ಖರ್ಚು ಇಷ್ಟೇ. ಹಳೇ 75 ವ್ಯಾಟಿನ ಫ್ಯಾನ್, ಚೋಕ್ ಇರೋ ಟ್ಯೂಬ್‌ಲೈಟ್ ಹಂಗೇ ಇಟ್ಟರ ಇದರ ಎರಡು ಪಟ್ಟಿಗಿಂತ ಹೆಚ್ಚು ಬೇಕಾಗತೈತಿ. ಅದಕ್ಕ ಪ್ಯಾನೆಲ್‌ಗಿಂತ ಮೊದಲು ಫ್ಯಾನು, ಬಲ್ಬು ಬದಲಿಸೋದು ಜಾಣತನ. ಫ್ಯಾನು ಬದಲಿಸಿದ್ದಕ್ಕ ಯಾರೂ ರಿಬ್ಬನ್ ಕತ್ತರಿಸೂದಿಲ್ಲ ನೋಡ್ರಿ, ಅದಕ್ಕೇ ಅದು ಆಗೂದಿಲ್ಲ.

ನಾನೂ ಹಾಸ್ಟೆಲ್‌ನ್ಯಾಗ ಓದಿದವನೇ. ಯಾವುದು ಅಂತ ಬೇಡ. ಇಡೀ ಕಟ್ಟಡಕ್ಕ ಒಂದೇ ಇನ್ವರ್ಟರ್ ಇತ್ತು, ಅದರ ವೈರು ಆಫೀಸ್ ಕೋಣಿಗಷ್ಟೇ ಹೋಗಿತ್ತು. ಸಂಜಿ ಅಲ್ಲಿ ಯಾರೂ ಇರ್ತಿರಲಿಲ್ಲ, ಬೀಗ. ಬಾಗಿಲ ಸಂದಿಯಿಂದ ಬೆಳಕು ಬೀಳತಿತ್ತು. ನಾವು ನಾಲ್ಕು ಮಂದಿ ಆ ಸಂದಿಗೆ ಪುಸ್ತಕ ಹಿಡಕೊಂಡು ಕುಂದರತಿದ್ವಿ, ಒಬ್ಬೊಬ್ಬರು ಒಂದೊಂದು ಪುಟ ಜೋರಾಗಿ ಓದೋದು, ಉಳಿದವರು ಕೇಳೋದು. ಅರ್ಥಶಾಸ್ತ್ರ ನನಗ ಕಿವಿಯಿಂದ ಬಂದ ವಿದ್ಯೆ.

ಪ್ಯಾನೆಲ್ ತೊಳಿಯೋರು ಯಾರು? ಇದನ್ನೂ ಕೇಳಬೇಕು. ನಮ್ಮ ಕಡೆ ಧೂಳು ಬಹಳ. ಹೊಲದ ಮಣ್ಣು, ಕಬ್ಬಿನ ರವದಿ ಸುಟ್ಟ ಬೂದಿ, ಎಲ್ಲಾ ಪ್ಯಾನೆಲ್ ಮ್ಯಾಲೆ ಕುಂದರತೈತಿ, ಒರೆಸಲಿಲ್ಲ ಅಂದ್ರ ಯೂನಿಟ್ ಬೀಳತೈತಿ. ಒಂದು ಕಾಲೇಜಿನಾಗ ಆ ಕೆಲಸ ಮಾಡೋ ತಮ್ಮನೊಬ್ಬ ನನಗ ಪರಿಚಯ. ಅವ ಶೌಚಾಲಯ ತೊಳಿಯೋ ಗುತ್ತಿಗೆಯವ. ಸೋಲಾರ್ ಬಂದ ಮ್ಯಾಲೆ "ಇದನ್ನೂ ನೀನೇ ನೋಡ್ಕೋ" ಅಂದ್ರಂತ. ಪಗಾರ ಹೆಚ್ಚಾಗಲಿಲ್ಲ, ಬೆಲ್ಟ್ ಇಲ್ಲ, ತಗಡಿನ ಇಳಿಜಾರಿನ ಮ್ಯಾಲೆ ಬರಿಗಾಲಿನ್ಯಾಗ ಹತ್ತಬೇಕು. ಕಾದ ಗಾಜಿಗೆ ತಣ್ಣೀರು ಸುರಿದರ ಅದು ಸೀಳಬಹುದು, ಹೊತ್ತು ಏರೂದರೊಳಗ ತೊಳಿಯಬೇಕು ಅಂತ ಸೈತ ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ತಂತ್ರಜ್ಞಾನ ಹೊಸದು, ಕಸಬರಗಿ ಹಿಡಿಯೋ ಕೈ ಅದೇ ಹಳೇದು. ಅದೇ ಹುಡುಗನಿಗೆ ನಾಲ್ಕು ತಿಂಗಳು ತರಬೇತಿ ಕೊಟ್ಟು ಸೋಲಾರ್ ಟೆಕ್ನೀಶಿಯನ್ ಮಾಡಾಕ ಏನು ಅಡ್ಡಿ?

"ಬಿಸಲಿಗೂ ಜಾತಿ ಹಚ್ಚತೀರಲ್ರೀ" ಅಂತ ಕೆಲವರು ಕಮೆಂಟ್ ಹಾಕ್ತಾರ, ಗೊತ್ತೈತಿ. ಅಂಥವರು ಒಮ್ಮೆ ಪಾವಗಡಕ್ಕ ಹೋಗಿ ಬರ್ರಿ. ತುಮಕೂರು ಜಿಲ್ಲೆಯ ಆ ಸೋಲಾರ್ ಪಾರ್ಕು 2018ರಲ್ಲಿ ಉದ್ಘಾಟನೆ ಆಯ್ತು, 2,050 ಮೆಗಾವ್ಯಾಟ್, ಸುಮಾರು 13 ಸಾವಿರ ಎಕರೆ. ಭೂಮಿ ಇದ್ದವರಿಗೆ ಎಕರೆಗೆ ವರ್ಷಕ್ಕ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರತೈತಿ. ಆ ಹೊಲದಾಗ ಕೂಲಿ ಮಾಡಿ ಉಣ್ಣತಿದ್ದ ಭೂರಹಿತರಿಗೆ? ಕೂಲಿಯೂ ಹೋಯ್ತು, ಗುತ್ತಿಗೆ ಹಣವೂ ಇಲ್ಲ. ಆ ಭೂರಹಿತರೊಳಗ ನಮ್ಮವರು ಎಷ್ಟು ಅಂತ ಅಲ್ಲಿನ ಕೇರಿಗಳಿಗೇ ಹೋಗಿ ಕೇಳ್ರಿ. ಬಿಸಲಿಗೆ ಜಾತಿ ಇಲ್ಲ, ಒಪ್ಪಿದೆ. ಜಾತಿ ಇರೋದು ಪ್ಯಾನೆಲ್ ಕೂಡಿಸೋ ನೆಲಕ್ಕ, ಮಾಳಿಗಿಗೆ. ಪಿಎಂ ಸೂರ್ಯಘರ್ ಯೋಜನೆಯೊಳಗ ಮೂರು ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಕೊಡ್ತಾರ, ಆದರ ಸ್ವಂತ ಮಾಳಿಗಿ ಬೇಕು. ನಮ್ಮ ಕೇರಿಯ ತಗಡಿನ ಶೀಟು ನಮ್ಮನ್ನೇ ತಡಿಯಂಗಿಲ್ಲ, ಇನ್ನ ಪ್ಯಾನೆಲ್ ಎಲ್ಲಿ ತಡೀಬೇಕು?

ಇದು ಬಾಬಾಸಾಹೇಬರ ಕಾಳಜಿಯ ವಿಷಯವೂ ಹೌದು. 1942ರಿಂದ 46ರ ತನಕ ಅವರು ವೈಸರಾಯ್ ಮಂಡಳಿಯೊಳಗ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ತೂ ಅವರ ಇಲಾಖೆಗೇ ಬರತಿತ್ತು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ಕುರಿತ ಸಮಿತಿಯ ಮುಂದ ಅವರು ಮಾಡಿದ ಭಾಷಣ ಓದ್ರಿ. ವಿದ್ಯುತ್ ಅಗ್ಗವಾಗಿರಬೇಕು, ಹೇರಳವಾಗಿರಬೇಕು, ಅದಿಲ್ಲದ ಕೈಗಾರಿಕೀಕರಣ ಬಡತನ ಬಿಡಿಸಲಾರದು ಅನ್ನೋದು ಅವರ ವಾದ. ನಾವು ಅವರ ಫೋಟೋ ಕಾಲೇಜಿನ ಗ್ವಾಡಿಗೆ ಹಾಕಿಸಾಕ ಹೋರಾಡೀವಿ, ಸರಿ. ಮೀಟರ್ ಬೋರ್ಡಿನ ಮುಂದ ನಿಂತು ಕೇಳೋದನ್ನ ಬಿಟ್ಟೀವಿ.

ದುಡ್ಡು ಎಲ್ಲೈತಿ ಅಂತ ಕೇಳಬ್ಯಾಡ್ರಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ನಮ್ಮ ಪಾಲಿನ ಹಣಕ್ಕೇ ಇದೆ. 2023-24ರಲ್ಲಿ ಅದರೊಳಗಿಂದ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು, ಗೃಹಜ್ಯೋತಿಯೂ ಅದರಾಗ ಬಂತು. ಫಲಾನುಭವಿಗಳಲ್ಲಿ ನಮ್ಮವರೂ ಇದ್ದಾರ ಅನ್ನೋದು ಸರ್ಕಾರದ ಸಮರ್ಥನೆ. ಇರಲಿ. ಕಿಲೋವ್ಯಾಟ್‌ಗೆ 60 ಸಾವಿರ ಹಿಡಿದರೂ ಒಂದು ಹಾಸ್ಟೆಲ್‌ಗೆ ಐದು ಕಿಲೋವ್ಯಾಟ್ ಪ್ಯಾನೆಲ್‌ಗೆ ಮೂರು ಲಕ್ಷ, ಬ್ಯಾಟರಿ ಖರ್ಚು ಬ್ಯಾರೆ. ಅಷ್ಟು ಸಣ್ಣ ಮೊತ್ತ ಕೇಳಾಕ ನಾವೇ ನಾಚಿಕೊಂಡು ಕುಂತೀವಿ.

ಅದಕ್ಕ ಒಂದು ಕೆಲಸ ಮಾಡೋಣ. ನಿಮ್ಮ ಊರಿನ ಸರ್ಕಾರಿ ಅಥವಾ ಅನುದಾನಿತ ಕಾಲೇಜಿಗೆ ಆರ್‌ಟಿಐ ಹಾಕ್ರಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಮೂವತ್ತು ದಿನದೊಳಗ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯೊಳಗ ಒಂದೇ ವಿಷಯ, 150 ಶಬ್ದ ಮೀರಬಾರದು, ಇಲ್ಲಾಂದ್ರ ಅದೇ ನೆಪಕ್ಕ ವಾಪಸ್ ಕಳಸ್ತಾರ. ಎಷ್ಟು ಕಿಲೋವ್ಯಾಟ್ ಹಾಕೀರಿ, ಹಾಕೂಕಿಂತ ಮೊದಲಿನ ಮತ್ತು ಆಮೇಲಿನ ಹನ್ನೆರಡು ತಿಂಗಳ ಬಿಲ್ಲಿನ ಪ್ರತಿ ಕೊಡ್ರಿ, ಉಳಿದ ಹಣ ಯಾವ ಬಾಬತ್ತಿಗೆ ಖರ್ಚಾಗೈತಿ, ಪ್ಯಾನೆಲ್ ಸ್ವಚ್ಛ ಮಾಡೋ ಗುತ್ತಿಗೆ ಯಾರಿಗೆ, ಎಷ್ಟಕ್ಕ, ಇಷ್ಟು ಕೇಳ್ರಿ. ಹಾಸ್ಟೆಲ್ ಬಗ್ಗೆ ಸಮಾಜ ಕಲ್ಯಾಣ ಇಲಾಖೆಯ ತಾಲೂಕು ಕಚೇರಿಗೆ ಬ್ಯಾರೆ ಅರ್ಜಿ ಹಾಕ್ರಿ.

ಬಸ್ಸಿನ್ಯಾಗ ಸಿಕ್ಕ ಹುಡುಗ ಮೊದಲ ಅರ್ಜಿ ತಾನೇ ಬರೀತೀನಿ ಅಂದಾನ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಕಡೆಯ ಗೆಳೆಯರು ಯಾರ‍್ಯಾರು ಹಾಕ್ತೀರಿ ಕಮೆಂಟಿನ್ಯಾಗ ಹೇಳ್ರಿ, ಅರ್ಜಿ ನಮೂನೆ ಇನ್‌ಬಾಕ್ಸಿಗೆ ಕಳಸ್ತೀನಿ. ಉತ್ತರ ಬಂದ ಮ್ಯಾಲೆ ಫೋಟೋ ಹಾಕ್ರಿ, ಹೆಸರು, ಫೋನ್ ನಂಬರ್ ಮುಚ್ಚಿ.

ಜೈ ಭೀಮ್.