ಮಳೆಗಾಲದಲ್ಲೂ ಆಕಾಶಗಂಗೆ

ಮಲೆನಾಡಿನ ಕಾಲೇಜಿಗೆ ಯಾರಾದರೂ ದೂರದರ್ಶಕ ದಾನ ಕೊಟ್ಟರೆ ಸಂತೋಷವೇ. ಆದರೆ ಜೂನ್‌ನಲ್ಲಿ ಪೆಟ್ಟಿಗೆ ಸೇರಿದ್ದನ್ನು ಅಕ್ಟೋಬರ್‌ನಲ್ಲಿ ತೆಗೆದರೆ ಮಸೂರಕ್ಕೆ ಬೂಷ್ಟು ಹಿಡಿದಿರುತ್ತದೆ. ಸಾಗರದ ಕಡೆ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಬೇಡಿಕೆ ಬೇರೆ: ತಾಲ್ಲೂಕಿಗೊಂದು ಸರ್ಕಾರಿ ಕಾಲೇಜಿನ ತಾರಸಿಯಲ್ಲಿ ರೇಡಿಯೊ ಆಂಟೆನಾ ಇರಲಿ.

ಆಕಾಶಗಂಗೆಯ ತುಂಬ ಹರಡಿರುವ ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಸೂಸಬೇಕು ಎಂದು ಡಚ್ ವಿದ್ಯಾರ್ಥಿ ಹೆಂಕ್ ವಾನ್ ಡೆ ಹುಲ್ಸ್ಟ್ ಲೆಕ್ಕ ಹಾಕಿದ್ದು 1944ರಲ್ಲಿ, ಅವರ ದೇಶ ನಾಜಿಗಳ ಹಿಡಿತದಲ್ಲಿದ್ದಾಗ. 1951ರ ಮಾರ್ಚ್‌ನಲ್ಲಿ ಹಾರ್ವರ್ಡ್‌ನ ಹೆರಾಲ್ಡ್ ಯೂವೆನ್, ಎಡ್ವರ್ಡ್ ಪರ್ಸೆಲ್ ಆ ಅಲೆಯನ್ನು ಹಿಡಿದೇಬಿಟ್ಟರು. ಅವರ ಆಂಟೆನಾ ಏನು ಗೊತ್ತೇ? ಪ್ಲೈವುಡ್‌ಗೆ ತಾಮ್ರದ ತಗಡು ಹೊದಿಸಿದ, ಅಕ್ಕಿ ಗಿರಣಿಯಲ್ಲಿ ಭತ್ತ ಸುರಿಯುವ ಬಾಯಿಯಂಥ ಕೊಂಬು. ಸಿಕ್ಕ ಅನುದಾನ 500 ಡಾಲರ್. ಕಿಟಕಿಯಾಚೆ ಚಾಚಿದ್ದ ಅದರೊಳಕ್ಕೆ ಹುಡುಗರು ಹಿಮದುಂಡೆ ಎಸೆಯುತ್ತಿದ್ದರಂತೆ. ಮೇ ತಿಂಗಳಲ್ಲಿ ಡಚ್ಚರೂ ಅದನ್ನು ಹಿಡಿದರು, ಜರ್ಮನ್ನರು ಬಿಟ್ಟುಹೋಗಿದ್ದ ರಾಡಾರ್ ತಟ್ಟೆಯಲ್ಲಿ. ಡಚ್ ಮತ್ತು ಆಸ್ಟ್ರೇಲಿಯಾದ ಅಳತೆಗಳನ್ನು ಜೋಡಿಸಿ 1958ರಲ್ಲಿ ಆಕಾಶಗಂಗೆಯ ಸುರುಳಿ ಬಾಹುಗಳ ನಕ್ಷೆ ಹೊರಬಂತು.

ಬೆಳಕಿಗೆ ಅಡ್ಡ ನಿಲ್ಲುವ ಧೂಳಾಗಲಿ ಮೋಡವಾಗಲಿ ಈ ಅಲೆಯನ್ನು ತಡೆಯವು. ಅನಿಲ ನಮ್ಮತ್ತ ಬರುತ್ತಿದ್ದರೆ ಆವರ್ತನ 1420.4 ಮೆಗಾಹರ್ಟ್ಸ್‌ಗಿಂತ ತುಸು ಏರುತ್ತದೆ, ದೂರ ಸರಿಯುತ್ತಿದ್ದರೆ ಇಳಿಯುತ್ತದೆ. ಎಷ್ಟು ಏರಿತು, ಎಷ್ಟು ಇಳಿಯಿತು ಎನ್ನುವುದರಿಂದ ವೇಗ ಸಿಗುತ್ತದೆ.

ಕಳೆದ ಶ್ರಾವಣದಲ್ಲಿ ಹಳೆಯ ವಿದ್ಯಾರ್ಥಿಗಳ ಜೊತೆ ಸೇರಿ ಇದನ್ನೇ ಮಾಡಿದೆ. ಥರ್ಮಕೋಲ್ ಹಲಗೆ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಒಂದು ಆಂಪ್ಲಿಫೈಯರ್, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರಿಸೀವರ್. ಮಳೆ ನುಗ್ಗದಂತೆ ಕೊಂಬಿನ ಬಾಯಿಗೆ ಅಡಿಕೆ ಮುಚ್ಚುವ ಪ್ಲಾಸ್ಟಿಕ್. ಒಂದು ನಕ್ಷತ್ರವೂ ಕಾಣದ ರಾತ್ರಿ ಅದನ್ನು ರಾಜಹಂಸ ನಕ್ಷತ್ರಪುಂಜದತ್ತ ತಿರುಗಿಸಿದರೆ ಪರದೆಯ ಮೇಲೆ ಎರಡು ಉಬ್ಬು ಎದ್ದವು. ಒಂದು ನಮ್ಮದೇ ಬಾಹುವಿನ ಅನಿಲ. ಇನ್ನೊಂದು ಅದರಾಚೆಯ ಪರ್ಸಿಯಸ್ ಬಾಹುವಿನದು, ಸೆಕೆಂಡಿಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿರುವಂಥದ್ದು.

“ಇದಕ್ಕೆ ಸಿಇಟಿಯಲ್ಲಿ ಎಷ್ಟು ಅಂಕ ಸಾರ್?” ಎಂದು ಪೋಷಕರು ಕೇಳುತ್ತಾರೆ. ಒಂದೂ ಇಲ್ಲ. ಆದರೆ ಹೈಡ್ರೋಜನ್ ಪರಮಾಣುವಿನ ಸೂತ್ರವನ್ನು ಉರು ಹೊಡೆಯುವ ಹುಡುಗಿ ಅದೇ ಹೈಡ್ರೋಜನ್‌ನ ವೇಗವನ್ನು ತಾನೇ ಅಳೆದಳೆಂದರೆ ಆಮೇಲೆ ಯಾವ ಸೂತ್ರಕ್ಕೂ ಹೆದರುವವಳಲ್ಲ.

ಖರ್ಚು ಒಂದು ಸ್ಮಾರ್ಟ್ ಬೋರ್ಡ್‌ಗಿಂತ ಕಡಿಮೆ. ಬಲ್ಲವರಿಗೂ ಕೊರತೆಯಿಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ಅಲೆಯ ಮೇಲೆ ಕೆಲಸ ಮಾಡಿದ್ದ ವಿ. ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದು ಅಲ್ಲಿ ರೇಡಿಯೊ ಖಗೋಳವಿಜ್ಞಾನ ಬೆಳೆಸಿದರು. ಗೌರಿಬಿದನೂರಿನಲ್ಲಿ ದೊಡ್ಡ ಆಂಟೆನಾ ಸಾಲುಗಳೇ ಇವೆ. ಬೇಸಿಗೆ ರಜೆಯಲ್ಲಿ ಅಲ್ಲಿ ಉಪನ್ಯಾಸಕರಿಗೆ ತರಬೇತಿ ಕೊಡಿಸಿ, ಕಾಲೇಜಿಗೊಂದರಂತೆ ಆಕಾಶದ ದಿಕ್ಕು ಹಂಚಿದರೆ ವರ್ಷದೊಳಗೆ ನಮ್ಮ ಮಕ್ಕಳೇ ಅಳೆದ ನಕ್ಷೆ ಸಿದ್ಧ. ಅದರಲ್ಲಿ ತಪ್ಪುಗಳಿರುತ್ತವೆ. 1958ರ ನಕ್ಷೆಯಲ್ಲೂ ಇದ್ದವು.