ಕೆಂಪು ದೀಪಕ್ಕೆ ಯಾರು ಹೊಣೆ?

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಪಕ್ಕದ ಅರೆಕೆರೆಯಲ್ಲಿ ನಮಗೆ ಬೇಕಾದವರ ಒಂದು ಸಂಸಾರವಿದೆ. ತಂದೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಕೆಳಗಡೆ ಸಣ್ಣದೊಂದು ದಿನಸಿ ಅಂಗಡಿ, ಮೇಲುಗಡೆ ಎರಡು ಕೋಣೆಯ ಬಾಡಿಗೆ ಮನೆ. ಮಗಳು ಮನೆಯಲ್ಲಿಯೇ ಕುಳಿತು ಒಂದು ಕಂಪೆನಿಯ ಲೆಕ್ಕಪತ್ರ ನೋಡುತ್ತಾಳೆ. ಗಂಟೆಯ ಲೆಕ್ಕದ ಕೂಲಿ. ಇಂಟರ್‌ನೆಟ್ ಕಡಿದರೆ ಕೂಲಿಯೂ ಕಡಿಯಿತು. ನಾವು ಅಲ್ಲಿಗೆ ಹೋದ ದಿನ ಆಕೆ ವೈಫೈ ಪೆಟ್ಟಿಗೆಯನ್ನು ಆರಿಸುತ್ತ, ಹೊತ್ತಿಸುತ್ತ ಕುಳಿತಿದ್ದಳು. ಸಂಪರ್ಕ ಕೊಟ್ಟವರಿಗೆ ಎಷ್ಟು ಸಲ ಫೋನು ಮಾಡಿದರೂ ಬರುವ ಉತ್ತರ ಒಂದೇ: "ನಿಮ್ಮ ರೂಟರ್ ಹಳೆಯದು, ಹೊಸದು ಕೊಳ್ಳಿ." ಬೆಲೆ ಮೂರು ಸಾವಿರ ರೂಪಾಯಿ.

ಮೂರು ಸಾವಿರವೆಂದರೆ ಎಷ್ಟು ದಿನದ ಲಾಭ ಎಂಬುದನ್ನು ಚಿಲ್ಲರೆ ವ್ಯಾಪಾರಿಗಳಿಗೆ ನಾವು ಲೆಕ್ಕ ಹಾಕಿ ಹೇಳಬೇಕಾಗಿಲ್ಲ. ದೋಷ ಮನೆಯದೋ ಬೀದಿಯದೋ ಎಂದು ನೋಡುವುದಕ್ಕೆ ಮುಂಚೆಯೇ ದಂಡ ಮಾತ್ರ ಗಿರಾಕಿಗೆ. ಇದು ಯಾವ ನ್ಯಾಯ?

ನೋಡುವುದು ಕಷ್ಟವೂ ಅಲ್ಲ. ಬೀದಿಯಿಂದ ಮನೆಗೆ ಬರುವುದು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ. ಅದರೊಳಗೆ ಬೆಳಕು ಹರಿದು ಪೆಟ್ಟಿಗೆಗೆ ಸೇರುತ್ತದೆ. ಅಲ್ಲಿಂದ ಮುಂದೆ ರೂಟರು ಅದನ್ನು ರೇಡಿಯೋ ಅಲೆಯಾಗಿ ಮನೆಯೊಳಗೆ ಹಂಚುತ್ತದೆ. ಎಳೆಯ ಕೆಲಸ ಬೇರೆ, ಅಲೆಯ ಕೆಲಸ ಬೇರೆ. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ನೇರವಾಗಿ ಒಂದು ತಂತಿ ಹಾಕಿ ನೋಡಬೇಕು. ತಂತಿಯಲ್ಲಿ ಸರಿಯಾಗಿದ್ದು ವೈಫೈಯಲ್ಲಿ ಮಾತ್ರ ಕಡಿದರೆ ದೋಷ ಮನೆಯೊಳಗಿನ ಅಲೆಯದು. ತಂತಿಯಲ್ಲೂ ಕಡಿದರೆ ಪೆಟ್ಟಿಗೆಯ ದೀಪಗಳ ಕಡೆ ಕಣ್ಣು ಹಾಯಿಸಬೇಕು. 'ಎಲ್‌ಓಎಸ್' ಎಂಬ ದೀಪ ಕೆಂಪಗೆ ಮಿಣುಕಿದರೆ ಬೆಳಕು ಪೆಟ್ಟಿಗೆಗೆ ಬಂದು ಮುಟ್ಟುತ್ತಿಲ್ಲವೆಂದು ಅರ್ಥ. ಮನೆಯೊಳಗೆ ಎಳೆ ಎಲ್ಲಿಯೂ ಮಡಚಿಲ್ಲದಿದ್ದರೆ, ಆಗ ನೂರು ರೂಟರು ಕೊಂಡು ತಂದರೂ ಪ್ರಯೋಜನವಿಲ್ಲ.

ಅರೆಕೆರೆಯ ಮನೆಯಲ್ಲಿ ಎರಡು ದೋಷವೂ ಇದ್ದವು. ಮೊದಲನೆಯದು ಮನೆಯವರದೇ ಎಂದು ಒಪ್ಪಬೇಕು. ಪೆಟ್ಟಿಗೆ ನೆಲದ ಮೇಲೆ, ಕಬ್ಬಿಣದ ಬೀರುವಿನ ಹಿಂದೆ, ಅಕ್ಕಿ ಮೂಟೆಯ ಪಕ್ಕದಲ್ಲಿ ಕುಳಿತಿತ್ತು. ನೋಡುವುದಕ್ಕೆ ಚೆನ್ನಾಗಿಲ್ಲವೆಂದು ಅಲ್ಲಿ ಬಚ್ಚಿಟ್ಟಿದ್ದರಂತೆ! ಕಬ್ಬಿಣ ಅಲೆಯನ್ನು ತಡೆಯುತ್ತದೆ. ಕಾಂಕ್ರೀಟು ಗೋಡೆ, ನೀರಿನ ತೊಟ್ಟಿ ಅದನ್ನು ನುಂಗುತ್ತವೆ. ಸಾಲದ್ದಕ್ಕೆ ಅಕ್ಕಪಕ್ಕದ ಮನೆಗಳ ಇಪ್ಪತ್ತಕ್ಕೂ ಹೆಚ್ಚು ವೈಫೈ ಹೆಸರುಗಳು ಆ ಹುಡುಗಿಯ ಫೋನಿನಲ್ಲಿ ಕಾಣುತ್ತಿದ್ದವು. ೨.೪ ಗಿಗಾಹರ್ಟ್ಸ್ ಎಂಬ ಹಾದಿಯಲ್ಲಿ ಒಂದರ ಮೇಲೊಂದು ಬೀಳದೆ ಜೊತೆಯಾಗಿ ನಡೆಯಬಲ್ಲ ಚಾನೆಲುಗಳು ಮೂರೇ: ೧, ೬, ೧೧. ವಠಾರದ ಮೂರು ನಲ್ಲಿಗೆ ಇಪ್ಪತ್ತು ಕೊಡ ಇಟ್ಟರೆ ಏನಾಗುತ್ತದೆಂದು ನಮ್ಮ ವಾಚಕರು ಬಲ್ಲರು. ಪೆಟ್ಟಿಗೆಯನ್ನು ಎತ್ತರದ ಗೂಡಿನಲ್ಲಿಟ್ಟು, ಕೆಲಸದ ಕಂಪ್ಯೂಟರನ್ನು ೫ ಗಿಗಾಹರ್ಟ್ಸ್ ಹಾದಿಗೆ ಹಾಕಿದೆವು. ಆ ಹಾದಿ ಗೋಡೆ ದಾಟುವುದರಲ್ಲಿ ಸೋಮಾರಿ, ಆದರೆ ಅಲ್ಲಿ ನೂಕುನುಗ್ಗಲು ಕಡಮೆ. ಖರ್ಚು ಒಂದು ಕಾಸೂ ಇಲ್ಲ. ಅರ್ಧ ಕಾಟ ತಪ್ಪಿತು.

ಉಳಿದರ್ಧ ಸಂಜೆ ಗಾಳಿ ಎದ್ದಾಗ ಬಂತು. ಕೆಂಪು ದೀಪ ಮಿಣುಕಿತು. ಹೊರಗೆ ಬಂದು ನೋಡಿದರೆ ಕಂಪೆನಿಯ ಎಳೆ ಕಂಬದಿಂದ ಹೊಂಗೆಮರಕ್ಕೆ, ಹೊಂಗೆಮರದಿಂದ ಮನೆಯ ಮಾಳಿಗೆಗೆ ಜೋತುಬಿದ್ದಿದೆ. ಕೊಂಬೆ ಆಡಿದಾಗಲೆಲ್ಲ ಎಳೆ ಜಗ್ಗುತ್ತದೆ, ಮಡಚುತ್ತದೆ, ಬೆಳಕು ಸೋರಿಹೋಗುತ್ತದೆ. ಇದಕ್ಕೂ ಹಳೆಯ ರೂಟರಿಗೂ ಏನು ಸಂಬಂಧ? ಮರಕ್ಕೆ ಕಟ್ಟಿದವನು ಯಾರು, ಬಾಡಿಗೆ ಎಣಿಸಿಕೊಳ್ಳುವವನು ಯಾರು?

ಇವರು ಮಾರುವುದು ವೇಗವನ್ನು. ನೂರು ಎಂಬಿಪಿಎಸ್, ಇನ್ನೂರು ಎಂಬಿಪಿಎಸ್ ಎಂದು ಬೀದಿಗೊಂದು ಬೋರ್ಡು. ಸರಕಾರವೂ ಬ್ರಾಡ್‌ಬ್ಯಾಂಡ್ ಎಂದರೇನೆಂದು ಹೇಳುವಾಗ ವೇಗವನ್ನೇ ಮುಂದಿಟ್ಟುಕೊಂಡಿತು: ೨೦೧೩ರಲ್ಲಿ ೫೧೨ ಕೆಬಿಪಿಎಸ್, ೨೦೨೩ರ ಜನವರಿಯಲ್ಲಿ ೨ ಎಂಬಿಪಿಎಸ್. ಗಿರಣಿಯವರಿಗೆ ಗೊತ್ತು, ಮಗ್ಗ ಎಷ್ಟೇ ಜೋರಾಗಿ ಓಡಲಿ, ಗಳಿಗೆಗೊಮ್ಮೆ ನೂಲು ಹರಿದರೆ ಬಟ್ಟೆ ಹುಟ್ಟುವುದಿಲ್ಲ. ಆ ಹುಡುಗಿಯ ಕೆಲಸಕ್ಕೆ ನೂರು ಬೇಕಿಲ್ಲ. ಹತ್ತು ಸಾಕು, ಬೆಳಗಿನಿಂದ ಸಂಜೆಯವರೆಗೆ ಹರಿಯದಿದ್ದರೆ.

ಕಾನೂನು ಇಲ್ಲವೆಂದಲ್ಲ. ಟ್ರಾಯ್ ಪ್ರಾಧಿಕಾರದ ೨೦೧೨ರ ನಿಯಮಾವಳಿಯ ಪ್ರಕಾರ ಪ್ರತಿ ದೂರಿಗೂ ಕಂಪೆನಿ ನೋಂದಣಿ ಸಂಖ್ಯೆ ಕೊಡತಕ್ಕದ್ದು. ಪರಿಹಾರ ತೃಪ್ತಿಯಾಗದಿದ್ದರೆ ೩೦ ದಿನದೊಳಗೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಶುಲ್ಕವಿಲ್ಲ, ೩೯ ದಿನದೊಳಗೆ ತೀರ್ಮಾನವಾಗಬೇಕು. ಗಂಟೆಯ ಕೂಲಿಯವಳು ೩೯ ದಿನ ಏನು ತಿಂದುಕೊಂಡಿರಬೇಕು ಎಂಬುದನ್ನು ನಿಯಮ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ. ಮೇಲ್ಮನವಿಯನ್ನು ಕೇಳುವವರೂ ಕಂಪೆನಿ ನೇಮಿಸಿದವರೇ ಎಂಬುದು ನಮಗೆ ಸರಿಬೀಳುವುದಿಲ್ಲ. ಹಾಗೆಂದು ಇರುವ ಹಕ್ಕನ್ನು ಬಿಡುವುದು ಜಾಣತನವೂ ಅಲ್ಲ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಸಂಖ್ಯೆಯಿರುವ ದೂರು ದಾಖಲೆಯಾಗುತ್ತದೆ.

ತಂದೆ ಅಂಗಡಿಯ ಉದ್ರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆಯಲು ತೊಡಗಿದರು: ಯಾವ ದಿನ, ಎಷ್ಟು ಗಂಟೆಗೆ ಕೆಂಪು ದೀಪ, ಎಷ್ಟು ಹೊತ್ತು. ಒಂಬತ್ತು ದಿನದಲ್ಲಿ ಹದಿನಾಲ್ಕು ಸಲ. ಅದೇ ಮರದ ಎಳೆಯನ್ನು ನಂಬಿದ ಇನ್ನೂ ಮೂರು ಮನೆಯವರು ತಮ್ಮ ತಮ್ಮ ದೂರು ಕೊಟ್ಟು ಸಂಖ್ಯೆ ಪಡೆದರು. ಅವರಲ್ಲೊಬ್ಬರು ಆಗಲೇ ಮೂರು ಸಾವಿರ ತೆತ್ತು ಹೊಸ ರೂಟರು ಕೊಂಡಿದ್ದರು, ಪಾಪ. ನಾಲ್ಕನೆಯ ದಿನ ಏಣಿ ಹೊತ್ತ ಹುಡುಗನೊಬ್ಬ ಬಂದು ಎಳೆಯನ್ನು ಮರದಿಂದ ಬಿಡಿಸಿ, ಕಂಬದಿಂದ ಕಂಬಕ್ಕೆ ಬಿಗಿದು, ಹೊಸದಾಗಿ ಬೆಸೆದು ಹೋದ. ಅವನ ಕೂಲಿಯೂ ದಿನಗೂಲಿಯೇ ಅಂತೆ. ಅವನ ಮೇಲೆ ಯಾರಿಗೂ ಸಿಟ್ಟಿಲ್ಲ. ಆ ಮೇಲೆ ಗಾಳಿ ಬಂದರೂ ದೀಪ ಹಸುರಾಗಿಯೇ ಇದೆ.

ತಿಂಗಳ ಬಿಲ್ಲು ಮಾತ್ರ ಒಂದು ರೂಪಾಯಿಯೂ ಕಡಮೆಯಿಲ್ಲದೆ ಬಂದಿದೆ. ಕಡಿದ ದಿನಗಳ ಬಾಡಿಗೆ ಕಳೆಯಿರೆಂದು ನಾಲ್ಕು ಮನೆಯವರೂ ಮೇಲ್ಮನವಿ ಬರೆದಿದ್ದಾರೆ. ಉದ್ರಿ ಪುಸ್ತಕದ ಆ ಹಾಳೆಗಳ ನಕಲು ಅದರ ಜೊತೆಗೇ ಹೋಗಿದೆ.